ಕಲ್ಲುಹೂವು ಮುಗಿದ ದ್ವೀಪ

ಬೇರಿಂಗ್ ಸಮುದ್ರದ ನಡುವೆ, ಅಲಾಸ್ಕದ ಕರಾವಳಿಯಿಂದ ಬಲು ದೂರದಲ್ಲಿ, ಸೇಂಟ್ ಮ್ಯಾಥ್ಯೂ ಎಂಬ ದ್ವೀಪವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ಅಲ್ಲೊಂದು ರೇಡಿಯೊ ಠಾಣೆ ನಡೆಸುತ್ತಿತ್ತು. ಹಡಗು ಬರದೇ ಹೋದರೆ ಸಿಬ್ಬಂದಿಗೆ ಮಾಂಸವಾದರೂ ಇರಲಿ ಎಂದು 1944ರಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಸಿಬ್ಬಂದಿ ಹೊರಟುಹೋದರು. ಸಾರಂಗಗಳು ಉಳಿದುಕೊಂಡವು. ಅವನ್ನು ಬೇಟೆಯಾಡಲು ಅಲ್ಲಿ ತೋಳಗಳೂ ಇರಲಿಲ್ಲ.

1957ರಲ್ಲಿ ಡೇವಿಡ್ ಕ್ಲೈನ್ ಎಂಬ ಜೀವವಿಜ್ಞಾನಿ ಹೋಗಿ ನೋಡಿದಾಗ ಹಿಂಡು 1,350ಕ್ಕೆ ಏರಿತ್ತು. 1963ರಲ್ಲಿ 6,000. ಮತ್ತೆ 1966ರಲ್ಲಿ ಹೋದರೆ ಎಲ್ಲೆಲ್ಲೂ ಮೂಳೆಗಳು. ಜೀವಂತ ಉಳಿದಿದ್ದವು 42. ಅವುಗಳಲ್ಲಿ ಗಂಡು ಒಂದೇ, ಅದೂ ಸಂತಾನಕ್ಕೆ ಆಗುವಂತಿರಲಿಲ್ಲ.

ಜನಸಂಖ್ಯೆ ಹೆಚ್ಚಿದರೆ ಏನಾಗುತ್ತದೆ ಎಂದು ಹೆದರಿಸಲು ಈ ಅಂಕಿಗಳನ್ನು ಬಳಸುವುದುಂಟು. ನನಗೆ ಅದು ಅವಸರದ ಓದು ಎನಿಸುತ್ತದೆ. ಕ್ಲೈನ್ ಲೆಕ್ಕವಿಟ್ಟದ್ದು ತಲೆಗಳನ್ನು ಮಾತ್ರವಲ್ಲ, ಮೇವನ್ನೂ. ಚಳಿಗಾಲದಲ್ಲಿ ಸಾರಂಗಗಳು ಹಿಮ ಕೆದಕಿ ತಿನ್ನುವುದು ಲೈಕೆನ್. ನಮ್ಮ ಮಸಾಲೆಯ ಕಲ್ಲುಹೂವಿನ ಬಳಗದ್ದು. (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಇದನ್ನು ಸಸ್ಯವೆನ್ನುವುದೇ ಸ್ವಲ್ಪ ಸಡಿಲ ಮಾತು.) ಅದು ಬೆಳೆಯುವುದು ತೀರ ನಿಧಾನ, ಮೇಯ್ದ ಜಾಗ ಮೊದಲಿನಂತಾಗಲು ದಶಕಗಳೇ ಬೇಕು. 1963ರ ಹೊತ್ತಿಗೆ ಲೈಕೆನ್ ಬಹುಮಟ್ಟಿಗೆ ಮುಗಿದು, ಆ ಜಾಗಕ್ಕೆ ಹುಲ್ಲು, ಜೇಕು ಹಬ್ಬುತ್ತಿದ್ದವು. ಆರು ವರ್ಷಗಳಲ್ಲಿ ವಯಸ್ಕ ಹೆಣ್ಣುಗಳ ಸರಾಸರಿ ತೂಕ ಶೇ. 38ರಷ್ಟು, ಗಂಡುಗಳದ್ದು ಶೇ. 43ರಷ್ಟು ಇಳಿದಿತ್ತು. ಹಿಂಡು ಅತಿ ದೊಡ್ಡದಾಗಿ ಕಂಡ ಹೊತ್ತಿಗೇ ಅದರ ಒಂದೊಂದು ಪ್ರಾಣಿಯೂ ಸೊರಗಿತ್ತು.

ಆಮೇಲೆ ಬಂದದ್ದು 1963–64ರ ಚಳಿಗಾಲ. ಅರ್ಧ ಶತಮಾನ ಸಮೀಪಿಸುವಾಗ, 2009ರಲ್ಲಿ, ಕ್ಲೈನ್ ಹವಾಮಾನ ತಜ್ಞರಾದ ಜಾನ್ ವಾಲ್ಶ್ ಮತ್ತು ಮಾರ್ಥಾ ಶುಲ್ಸ್ಕಿ ಅವರ ಜೊತೆ ಅದೇ ಪ್ರಶ್ನೆಗೆ ಮರಳಿದರು. ಆ ಚಳಿಗಾಲದ ಹಿಮ, ಗಾಳಿ, ಶೀತ ಮೂರೂ ವಿಪರೀತವಾಗಿದ್ದವು. ಮೈಯಲ್ಲಿ ಕೊಬ್ಬಿದ್ದಿದ್ದರೆ, ಹಿಮದಡಿ ಲೈಕೆನ್ ಇದ್ದಿದ್ದರೆ ಎಷ್ಟೋ ಸಾರಂಗಗಳು ಅದನ್ನು ದಾಟುತ್ತಿದ್ದವೇನೋ. ಎರಡೂ ಇರಲಿಲ್ಲ.

ಇಂದು ಆರ್ಕ್ಟಿಕ್ ಬಿಸಿಯಾಗುತ್ತಿರುವಾಗ ಈ ಹಳೆಯ ವರದಿಯನ್ನು ನಾವು ಮತ್ತೆ ಓದುವುದು ಇದಕ್ಕೇ. ಈಗ ಚಳಿಗಾಲದ ನಡುವೆಯೇ ಮಳೆ ಸುರಿದು, ನೆಲದ ಮೇಲೆ ಹೆಪ್ಪುಗಟ್ಟುವುದಿದೆ. ಆಗ ಕೆಳಗೆ ಮೇವಿದ್ದರೂ ಗೊರಸಿಗೆ ಎಟುಕದು. ರಷ್ಯಾದ ಯಮಾಲ್‌ನಲ್ಲಿ 2013ರ ನವೆಂಬರ್‌ನಲ್ಲಿ ಹೀಗೇ ಆಗಿ, ನೆನೆತ್ಸ್ ಜನ ಸಾಕಿದ ಹಿಮಸಾರಂಗಗಳು ಸಾವಿರಾರು ಸಂಖ್ಯೆಯಲ್ಲಿ ಹಸಿದು ಸತ್ತವು.

ಸೇಂಟ್ ಮ್ಯಾಥ್ಯೂವಿನಲ್ಲಿ ಉಳಿದಿದ್ದ ಸಾರಂಗಗಳೂ 1980ರ ದಶಕದ ಹೊತ್ತಿಗೆ ಇಲ್ಲವಾದವು.