ಬಸ್ಸಿನ ಮೆಟ್ಟಿಲು ಮತ್ತು ಗಾಲಿಕುರ್ಚಿ

ನಮ್ಮ ಮುಶಿಗೇರಿಯವರು ಗಜೇಂದ್ರಗಡಕ್ಕೆ ಹೋಗುವ ಕೆಂಪು ಬಸ್ಸಿಗೂ ಬೆಂಗಳೂರಿನ ಸಿಟಿ ಬಸ್ಸಿಗೂ ಬಹುಕಾಲ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ. ಎರಡೂ ಲಾರಿಯ ಚಾಸಿಯ ಮೇಲೆ ಕಟ್ಟಿದವು. ಲಾರಿ ಇರುವುದು ಸರಕು ಹೇರಲು. ಅದರ ಮೈ ನೆಲದಿಂದ ಎತ್ತರ. ಅದರ ಮೇಲೆ ಸೀಟು ಕೂಡಿಸಿದರೆ ಬಸ್ಸೂ ಎತ್ತರವೇ. ಹೀಗೆ ಚೀಲಗಳಿಗೆ ಮಾಡಿದ ಅಳತೆ ಮನುಷ್ಯರ ಅಳತೆಯಾಯಿತು. ಗಾಲಿಕುರ್ಚಿಯವರನ್ನು ಯಾರೂ ಬೇಡವೆನ್ನಲಿಲ್ಲ, ನೆನೆಯಲೂ ಇಲ್ಲ.

ಅಮೆರಿಕದ ಡೆನ್ವರ್ ನಗರದಲ್ಲಿ 1978ರ ಜುಲೈ ತಿಂಗಳು 19 ಮಂದಿ ಅಂಗವಿಕಲರು ಸಿಟಿ ಬಸ್ಸುಗಳನ್ನು ಸುತ್ತುವರಿದು ರಾತ್ರಿಯಿಡೀ ರಸ್ತೆ ತಡೆದರು. ನಮ್ಮಲ್ಲಿ ಹೋರಾಟ ಕಾಯದೆಯ ದಾರಿ ಹಿಡಿಯಿತು. ಅಲಿಗಡದಲ್ಲಿ ಹುಟ್ಟಿ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಆಬಿದಿ (1965–2018) ಮತ್ತು ಅವರ ಸಂಗಡಿಗರು ಪಟ್ಟುಹಿಡಿದದ್ದರಿಂದ 1995ರಲ್ಲಿ ಅಂಗವಿಕಲರ ಕಾಯದೆ ಪಾಸಾಯಿತು. ಬಸ್ಸು, ರೈಲು ಡಬ್ಬಿಗಳನ್ನು ಇವರು ಸುಲಭವಾಗಿ ಹತ್ತುವಂತೆ ಮಾರ್ಪಡಿಸಬೇಕೆಂದು ಅದರ 44ನೇ ಕಲಮು ಹೇಳಿತು. ಆದರೆ ಜೊತೆಗೊಂದು ಬಾಲವಿತ್ತು: ಆರ್ಥಿಕ ಶಕ್ತಿಯ ಮಿತಿಯೊಳಗೆ. ಸಾರಿಗೆಯವರಿಗೆ ಅಷ್ಟು ಸಾಕಲ್ಲವೆ? ರಿಯಾಯಿತಿ ಪಾಸು ಸಿಕ್ಕಿತು, ಮೆಟ್ಟಿಲು ಹಾಗೆಯೇ ಉಳಿಯಿತು. (ಈ ನಡುವೆ ಸರಕಾರಿ ಕಾಗದಗಳಲ್ಲಿ 'ಅಂಗವಿಕಲ' ಹೋಗಿ 'ವಿಕಲಚೇತನ' ಬಂತು. ಹೆಸರು ಬದಲಿಸಲು ಖರ್ಚಿಲ್ಲ ನೋಡಿ.)

2000ರ ದಶಕದ ನಡುವೆ ಬೆಂಗಳೂರಿಗೆ ವೋಲ್ವೊ ಬಸ್ಸುಗಳು ಬಂದವು. ಅವುಗಳ ಬಾಗಿಲು ತಗ್ಗು, ಟಿಕೆಟ್ ದರ ಮಾತ್ರ ಎತ್ತರ. ಮುಂದೆ ಕೇಂದ್ರ ಸರಕಾರವು ನಗರದ ಬಸ್ಸುಗಳಿಗೆ 400, 650, 900 ಮಿಲಿಮೀಟರ್ ಎಂದು ಮೂರು ಎತ್ತರಗಳನ್ನು ಗೊತ್ತುಮಾಡಿತು. 900 ಎಂದರೆ ಹೆಚ್ಚುಕಡಿಮೆ ಮೂರು ಅಡಿ. ಮೂರಕ್ಕೂ ಒಪ್ಪಿಗೆಯಿದ್ದ ಮೇಲೆ ಅಗ್ಗದ್ದನ್ನು ಬಿಟ್ಟು ದುಬಾರಿಯದನ್ನು ಯಾರು ಕೊಳ್ಳುತ್ತಾರೆ? 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಓಡಿತು. ಅಲ್ಲಿ ಲಿಫ್ಟ್ ಇದೆ. ಆದರೆ ಮನೆಯಿಂದ ಲಿಫ್ಟಿನವರೆಗೆ ಒಡೆದ ಫುಟ್‌ಪಾತು, ನಡುವೆ ನಿಲ್ಲಿಸಿದ ಸ್ಕೂಟರು. ಬಸ್ಸು ಹತ್ತಲಾಗದವನಿಗೆ ಮೆಟ್ರೊ ಇದ್ದೂ ದೂರವೇ.

2016ರ ಹೊಸ ಕಾಯದೆ ಹಳೆಯ ವಾಹನಗಳ ಮಾರ್ಪಾಟಿಗೆ ಮತ್ತೆ ಖರ್ಚಿನ ಷರತ್ತು ಹಾಕಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಕರ್ಯ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರಚಿಸಿ ಎಂದಿತು. ಮೆಟ್ಟಿಲ ಬಸ್ಸಿನಲ್ಲಿ ಮುಶಿಗೇರಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಹೊರಟ ಗಾಲಿಕುರ್ಚಿಯವನಿಗೆ, ಹತ್ತಲು ಇಬ್ಬರು ಬೇಕು, ಮೆಜೆಸ್ಟಿಕ್‌ನಲ್ಲಿ ಇಳಿಯಲು ಇನ್ನಿಬ್ಬರು.