ಸಿಂಕ್ಲೇರ್ ಕಂಪ್ಯೂಟರುಗಳ ಮೆಮೊರಿ ವಿಸ್ತರಣೆ

1980ರ ದಶಕದ ಆರಂಭದಲ್ಲಿ ಮನೆಬಳಕೆಯ ಕಂಪ್ಯೂಟರುಗಳು ಬೇಕಾದದ್ದಕ್ಕಿಂತ ಕಡಿಮೆ ಮೆಮೊರಿಯೊಂದಿಗೆ ಮಾರಾಟವಾಗುತ್ತಿದ್ದವು. ಕೊಂಡವರು ಮತ್ತೆ ಹಣ ತೆತ್ತು ಅದನ್ನು ಹೆಚ್ಚಿಸಿಕೊಳ್ಳಬೇಕಿತ್ತು. ಈ ಪದ್ಧತಿಯ ಅತಿ ಪ್ರಸಿದ್ಧ, ಜೊತೆಗೆ ಅತಿ ಹೆಚ್ಚು ಬೈಸಿಕೊಂಡ ಉದಾಹರಣೆ ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯ ಝಡ್‌ಎಕ್ಸ್81 ಮತ್ತು ಅದರ ಬೆನ್ನಿಗೆ ಸಿಕ್ಕಿಸುತ್ತಿದ್ದ 16 ಕಿಲೋಬೈಟಿನ ರ‍್ಯಾಮ್ ಪ್ಯಾಕ್.

ಇದು ಸಿಂಕ್ಲೇರ್ ಕಂಡುಹಿಡಿದ ದಾರಿಯೇನಲ್ಲ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800ರಲ್ಲಿ ಇದ್ದದ್ದು ಬರೀ 256 ಬೈಟ್. ಅದಕ್ಕೆಂದು ತಯಾರಕರೇ ಮಾರಿದ 4 ಕಿಲೋಬೈಟಿನ ಬೋರ್ಡು ಆಗಾಗ ಕೈಕೊಡುತ್ತಿದ್ದುದರಿಂದ ಬೇರೆ ಕಂಪನಿಗಳು ಮೆಮೊರಿ ಬೋರ್ಡುಗಳ ವ್ಯಾಪಾರಕ್ಕಿಳಿದವು. ಸಿಂಕ್ಲೇರ್ ಮಾಡಿದ್ದು ಈ ಕೊರತೆಯನ್ನೇ ಬೆಲೆಯ ತಂತ್ರವಾಗಿಸಿದ್ದು. 1981ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಝಡ್‌ಎಕ್ಸ್81, ಕೊಂಡವರೇ ಜೋಡಿಸಿಕೊಳ್ಳುವ ಕಿಟ್ ಆಗಿ 49.95 ಪೌಂಡಿಗೆ, ಸಿದ್ಧ ಯಂತ್ರವಾಗಿ 69.95 ಪೌಂಡಿಗೆ ಸಿಗುತ್ತಿತ್ತು. ಒಳಗಿದ್ದ ಮೆಮೊರಿ 1 ಕಿಲೋಬೈಟ್. 16 ಕಿಲೋಬೈಟಿನ ಪ್ಯಾಕ್ ಬೇಕೆಂದರೆ ಮತ್ತೆ 49.95 ಪೌಂಡ್. ಕಿಟ್ ಕೊಂಡವನಿಗೆ ಮೆಮೊರಿಯೂ ಕಂಪ್ಯೂಟರೂ ಒಂದೇ ಬೆಲೆ! ಜಾಹೀರಾತಿನಲ್ಲಿ ಎದ್ದು ಕಾಣುತ್ತಿದ್ದದ್ದು ಮಾತ್ರ ಮೊದಲಿನ ಅಗ್ಗದ ಅಂಕಿ.

1 ಕಿಲೋಬೈಟ್ ಎಷ್ಟು ಇಕ್ಕಟ್ಟಿನದೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಟ್ಟು 1024 ಬೈಟುಗಳಲ್ಲಿ 125 ಬೈಟ್ ಯಂತ್ರದ ಸ್ವಂತ ಲೆಕ್ಕಪತ್ರಕ್ಕೆ ಹೋಗುತ್ತಿತ್ತು. ಸಾಲಿಗೆ 32 ಅಕ್ಷರದಂತೆ 24 ಸಾಲಿನ ಪೂರ್ತಿ ಪರದೆಗೆ, ಸಾಲಿನ ಕೊನೆಯ ಗುರುತುಗಳೂ ಸೇರಿ, 793 ಬೈಟ್ ಬೇಕು. ಉಳಿಯುವುದು 106. ಇಷ್ಟರಲ್ಲಿ ಪ್ರೋಗ್ರಾಂ ಬರೆಯುವುದು ಸಾಧ್ಯವಿಲ್ಲವೆಂದೇ, ಮೆಮೊರಿ ಕಡಿಮೆ ಇರುವಾಗ ಖಾಲಿ ಸಾಲುಗಳನ್ನು ಮಡಚಿಟ್ಟು, ಅಕ್ಷರ ಬಂದಂತೆ ಬಿಚ್ಚಿಕೊಳ್ಳುವ ಪರದೆಯ ಏರ್ಪಾಡನ್ನು ಅದರ ಶಾಶ್ವತ ಮೆಮೊರಿಯಾದ ರೋಮ್‌ನಲ್ಲಿ ಮಾಡಲಾಗಿತ್ತು. ಅಂದರೆ ಪರದೆ ತುಂಬಿದಷ್ಟೂ ಪ್ರೋಗ್ರಾಮಿಗೆ ಜಾಗ ಕಡಿಮೆ.

ಬಳಕೆದಾರರೂ ತಮ್ಮದೇ ಉಪಾಯಗಳನ್ನು ಕಂಡುಕೊಂಡರು. ಈ ಯಂತ್ರದ ಬೇಸಿಕ್ ಭಾಷೆಯಲ್ಲಿ ‘0’ ಎಂದು ಬರೆದರೆ 7 ಬೈಟ್ ಖರ್ಚು: ಅಂಕೆಗೆ ಒಂದು, ಗುರುತಿಗೆ ಒಂದು, ಅದರ ಆಂತರಿಕ ರೂಪಕ್ಕೆ ಐದು. ಅದರ ಬದಲು ‘ನಾಟ್ ಪೈ’ ಎಂಬ ಎರಡು ಕೀವರ್ಡ್ ಬರೆದರೂ ಬರುವ ಉತ್ತರ ಸೊನ್ನೆಯೇ, ಖರ್ಚು 2 ಬೈಟ್. ಇಂಥ ಜಿಪುಣತನದ ಶಿಖರವೆಂದರೆ 1982ರಲ್ಲಿ ಡೇವಿಡ್ ಹಾರ್ನ್ ಬರೆದ ಚೆಸ್ ಆಟ. ಕೇವಲ 672 ಬೈಟುಗಳಲ್ಲಿ ಅದು ಎದುರಾಳಿಯಾಗಿ ಆಡುತ್ತಿತ್ತು. ಕ್ಯಾಸ್ಲಿಂಗ್‌ನಂಥ ಕೆಲವು ವಿಶೇಷ ನಿಯಮಗಳನ್ನಷ್ಟೇ ಕೈಬಿಡಲಾಗಿತ್ತು. ಕೊರತೆಯೇ ಜಾಣ್ಮೆ ಕಲಿಸಿತು ಎಂದು ಈ ಆಟವನ್ನು ತೋರಿಸಿ ಹೇಳುವುದುಂಟು. ಆದರೆ ಯಂತ್ರ ಕೊಂಡ ಹೆಚ್ಚಿನವರು ಹಾರ್ನ್ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಪ್ಯಾಕ್.

ಪ್ಯಾಕಿನೊಳಗೆ 4116 ಎಂಬ ಎಂಟು ಡೈನಮಿಕ್ ರ‍್ಯಾಮ್ ಚಿಪ್ಪುಗಳಿದ್ದವು. ಒಂದೊಂದೂ 16 ಕಿಲೋಬಿಟ್; ಎಂಟೂ ಸೇರಿ 16 ಕಿಲೋಬೈಟ್. ಈ ಬಗೆಯ ಚಿಪ್ಪಿನಲ್ಲಿ ತುಂಬಿದ್ದು ಬಹುಬೇಗ ಸೋರಿಹೋಗುವುದರಿಂದ ಸೆಕೆಂಡಿಗೆ ನೂರಾರು ಸಲ ಅದನ್ನು ಓದಿ ಮರುಪೂರಣ ಮಾಡುತ್ತಿರಬೇಕು. ಝಡ್‌ಎಕ್ಸ್81ರಲ್ಲಿದ್ದ ಝಡ್80 ಪ್ರೊಸೆಸರು ಈ ಚಾಕರಿಯನ್ನು ತಾನೇ ಮಾಡಬಲ್ಲದಾಗಿತ್ತು. ಪ್ಯಾಕ್ ಅಗ್ಗವಾಗಲು ಅದೂ ಒಂದು ಕಾರಣ. ಚಿಪ್ಪುಗಳಿಗೆ 5 ವೋಲ್ಟಿನ ಜೊತೆಗೆ 12 ಮತ್ತು ಋಣ 5 ವೋಲ್ಟ್ ಕೂಡ ಬೇಕಿದ್ದುದರಿಂದ, ಅವನ್ನು ಹುಟ್ಟಿಸುವ ಪುಟ್ಟ ಪರಿವರ್ತಕವೂ ಪ್ಯಾಕಿನಲ್ಲೇ ಇತ್ತು. ಪ್ಯಾಕ್ ಸಿಕ್ಕಿಸಿದೊಡನೆ ಒಳಗಿನ 1 ಕಿಲೋಬೈಟ್ ಕೆಲಸ ನಿಲ್ಲಿಸುತ್ತಿತ್ತು. ಹಾಗಾಗಿ ಒಟ್ಟು ಮೊತ್ತ 17 ಅಲ್ಲ, 16.

ತೊಂದರೆ ಇದ್ದದ್ದು ಚಿಪ್ಪಿನಲ್ಲಲ್ಲ, ಕೀಲಿನಲ್ಲಿ. ಪ್ಯಾಕಿಗೂ ಯಂತ್ರಕ್ಕೂ ಇದ್ದ ಸಂಬಂಧವೆಂದರೆ ಮುದ್ರಿತ ಬೋರ್ಡಿನ ಹಿಂದಂಚಿನ ಲೋಹದ ಪಟ್ಟಿಗಳು ಮಾತ್ರ. ಹಿಡಿದಿಡಲು ಸ್ಕ್ರೂ ಇಲ್ಲ, ಕೊಕ್ಕೆ ಇಲ್ಲ. ಯಂತ್ರವೇ ಹಗುರ, ಒತ್ತಿದರೆ ಒಳಸರಿಯದ ಮೆಂಬ್ರೇನ್ ಕೀಲಿಮಣೆಯ ಮೇಲೆ ಬೆರಳು ಜೋರಾಗಿ ಬಿದ್ದರೆ ಸಾಕು, ಹಿಂದೆ ಪ್ಯಾಕ್ ಅಲುಗುತ್ತಿತ್ತು. ಒಂದು ಕ್ಷಣ ಸಂಪರ್ಕ ತಪ್ಪಿದರೂ ಮೆಮೊರಿಯಲ್ಲಿದ್ದದ್ದೆಲ್ಲ ಮಾಯ. ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಮತ್ತೆ ತುಂಬಲು ಹಲವು ನಿಮಿಷ ಕಾಯಬೇಕು. ಆಗಷ್ಟೇ ಬರೆದದ್ದಾದರೆ ಕಾಯುವುದಕ್ಕೂ ಏನೂ ಉಳಿದಿಲ್ಲ. ‘ರ‍್ಯಾಮ್ ಪ್ಯಾಕ್ ಓಲಾಟ’ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಜನ ಗೋಡೆಗೆ ಚಿತ್ರ ಅಂಟಿಸುವ ಬ್ಲೂ ಟ್ಯಾಕ್ ಮೆತ್ತಿದರು, ಟೇಪು ಸುತ್ತಿದರು, ಕೆಲವರು ಬೆಸುಗೆಯನ್ನೇ ಹಾಕಿಬಿಟ್ಟರು. ಮೆಮೊಟೆಕ್ ಎಂಬ ಕಂಪನಿ ಯಂತ್ರದ ಬೆನ್ನಿಗೆ ಸರಿಯಾಗಿ ಕೂರುವ ಆಕಾರದ ಪ್ಯಾಕುಗಳನ್ನು 64 ಕಿಲೋಬೈಟಿನವರೆಗೆ ಮಾಡಿ ಮಾರಿತು. ಮತ್ತೊಬ್ಬರಿಗೆ ಸಾಧ್ಯವಾದದ್ದು ಮೂಲ ತಯಾರಕರಿಗೂ ಸಾಧ್ಯವಿತ್ತು. ಓಲಾಟಕ್ಕೆ ಬಳಕೆದಾರರ ಒರಟುತನ ಕಾರಣವಲ್ಲ. ಅದು ವಿನ್ಯಾಸದ ದೋಷ.

16 ಕಿಲೋಬೈಟನ್ನು ಮೀರಿದ ವಿಸ್ತರಣೆಗೆ ಬೇರೆಯೇ ತೊಡಕಿತ್ತು. ಯಂತ್ರ ಚಾಲೂ ಆದಾಗ ಮೆಮೊರಿಯನ್ನು ಅಳೆಯುತ್ತಿದ್ದದ್ದು 32767ನೆಯ ವಿಳಾಸದವರೆಗೆ ಮಾತ್ರ. ಅದರಾಚೆಗೂ ಮೆಮೊರಿ ಇದೆ ಎಂದು ಬಳಕೆದಾರನೇ ಎರಡು ವಿಳಾಸಗಳಲ್ಲಿ ಅಂಕಿ ತುಂಬಿ ತಿಳಿಸಬೇಕಿತ್ತು. ತಿಳಿಸಿದರೂ, ಮೇಲರ್ಧದ ವಿಳಾಸಗಳನ್ನು ಯಂತ್ರ ಚಿತ್ರ ಮೂಡಿಸುವ ಕೆಲಸಕ್ಕೆ ಬಳಸುತ್ತಿದ್ದುದರಿಂದ ಅಲ್ಲಿ ಮೆಷಿನ್ ಕೋಡ್ ಓಡುತ್ತಿರಲಿಲ್ಲ. ದತ್ತಾಂಶ ಇಡಬಹುದಿತ್ತು, ಅಷ್ಟೆ.

1982ರ ಏಪ್ರಿಲ್‌ನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಮೆಮೊರಿ ವಿಸ್ತರಣೆ ಪೆಟ್ಟಿಗೆಯ ಒಳಗೇ ಸೇರಿತು. 16 ಕಿಲೋಬೈಟಿನ ಮಾದರಿಗೆ 125 ಪೌಂಡ್, 48ರದಕ್ಕೆ 175. ಎರಡನೆಯ ಆವೃತ್ತಿಯ ಬೋರ್ಡಿನಿಂದ ಮುಂದೆ, ಕಡಿಮೆ ಮೆಮೊರಿಯ ಯಂತ್ರದಲ್ಲಿ ಖಾಲಿಯಿದ್ದ ಸಾಕೆಟ್ಟುಗಳಲ್ಲಿ ಎಂಟು ಮೆಮೊರಿ ಚಿಪ್ಪು, ನಾಲ್ಕು ಲಾಜಿಕ್ ಚಿಪ್ಪು ಕೂರಿಸಿದರೆ 48 ಕಿಲೋಬೈಟ್ ಆಗುತ್ತಿತ್ತು. ಆ ಎಂಟು ಚಿಪ್ಪುಗಳ ಕಥೆ ಸ್ವಾರಸ್ಯದ್ದು. 64 ಕಿಲೋಬಿಟ್ಟಿನ ಚಿಪ್ ತಯಾರಿಕೆಯಲ್ಲಿ ಅರ್ಧಭಾಗ ಕೆಟ್ಟು ಅರ್ಧ ಚೆನ್ನಾಗಿದ್ದವನ್ನು 32 ಕಿಲೋಬಿಟ್ಟಿನವೆಂದು ಅಗ್ಗಕ್ಕೆ ಮಾರಲಾಗುತ್ತಿತ್ತು. ಸಿಂಕ್ಲೇರ್ ಅವನ್ನೇ ಕೊಂಡಿತು. ಯಾವ ಅರ್ಧ ಸರಿಯಿದೆ ಎಂಬುದನ್ನು ಬೋರ್ಡಿನ ಮೇಲಿನ ಒಂದು ತಂತಿಯ ಕೊಂಡಿ ತೀರ್ಮಾನಿಸುತ್ತಿತ್ತು. ಎಂಟರಲ್ಲೂ ಒಂದೇ ಅರ್ಧ ಸರಿಯಿರಬೇಕಿತ್ತು. ಚಿಪ್ ಕೂರಿಸಲು ಅಂಜುವವರಿಗೆ ಚೀಟಾ ಮುಂತಾದ ಕಂಪನಿಗಳ 32 ಕಿಲೋಬೈಟ್ ಪ್ಯಾಕುಗಳಿದ್ದವು.

ಝಡ್80ಗೆ ಒಮ್ಮೆಗೆ ಕಾಣುವ ವಿಳಾಸಗಳು 65,536. 1985ರಲ್ಲಿ ಮೊದಲು ಸ್ಪೇನಿನಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ ಬಂದ ಸ್ಪೆಕ್ಟ್ರಮ್ 128 ಈ ಗಡಿಯನ್ನು ಪುಟ ಬದಲಿಸುವ ವಿಧಾನದಿಂದ ದಾಟಿತು. ವಿಳಾಸಗಳ ಕೊನೆಯ 16 ಕಿಲೋಬೈಟಿನ ಜಾಗದಲ್ಲಿ ಎಂಟು ಪುಟಗಳ ಪೈಕಿ ಬೇಕಾದ್ದನ್ನು ತಂದಿಡಬಹುದಿತ್ತು. ಆಗ ಸ್ಪೇನಿನಲ್ಲಿ 64 ಕಿಲೋಬೈಟ್ ಮೀರದ ಆಮದು ಕಂಪ್ಯೂಟರುಗಳ ಮೇಲೆ ಹೆಚ್ಚುವರಿ ಸುಂಕವಿತ್ತು. ಅದರಿಂದ ತಪ್ಪಿಸಿಕೊಳ್ಳಲು ಪ್ರತಿಸ್ಪರ್ಧಿ ಆಮ್‌ಸ್ಟ್ರಾಡ್ ತನ್ನ ಸಿಪಿಸಿ 472ರಲ್ಲಿ 8 ಕಿಲೋಬೈಟಿನ ಹೆಚ್ಚುವರಿ ಚಿಪ್ ಕೂರಿಸಿತು. ಆ ಚಿಪ್ಪನ್ನು ಯಂತ್ರ ಬಳಸುವಂತೆಯೇ ಇರಲಿಲ್ಲ. ಮೆಮೊರಿ ವಿಸ್ತರಣೆಯ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾಗಿ ನಿರುಪಯುಕ್ತವಾದದ್ದು ಇನ್ನೊಂದಿಲ್ಲ. 1986ರ ಏಪ್ರಿಲ್‌ನಲ್ಲಿ ಇದೇ ಆಮ್‌ಸ್ಟ್ರಾಡ್ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಕೊಂಡಿತು.

ಭಾರತದಲ್ಲಿ 1980ರ ದಶಕದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಸ್ಪೆಕ್ಟ್ರಮ್ ಪ್ಲಸ್ ಅನ್ನು ‘ಡಿಬಿ ಸ್ಪೆಕ್ಟ್ರಮ್’ ಹೆಸರಿನಲ್ಲಿ ಮಾರಿತು. ಸ್ಪೆಕ್ಟ್ರಮ್ ಪ್ಲಸ್‌ನಲ್ಲಿ 48 ಕಿಲೋಬೈಟ್ ಮೊದಲೇ ಇದ್ದುದರಿಂದ ಅದರ ಬಳಕೆದಾರರು ಓಲಾಡುವ ಪ್ಯಾಕಿನ ಗೋಳನ್ನು ಅನುಭವಿಸಲಿಲ್ಲ.

ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವವರು ಈಗ ಎಂಟು ಚಿಪ್ಪುಗಳ ಬದಲು 32 ಕಿಲೋಬೈಟಿನ ಒಂದೇ ಸ್ಟ್ಯಾಟಿಕ್ ರ‍್ಯಾಮ್ ಚಿಪ್ ಹಾಕುತ್ತಾರೆ. ಅಟ್ಟದಿಂದ ಝಡ್‌ಎಕ್ಸ್81 ಇಳಿಸಿದವರು ಪ್ಯಾಕನ್ನು ಸಿಕ್ಕಿಸುವುದನ್ನೂ ಕಳಚುವುದನ್ನೂ ವಿದ್ಯುತ್ ಆರಿಸಿದ ಮೇಲೆಯೇ ಮಾಡಬೇಕು, ಅಂಚಿನ ಪಟ್ಟಿಗಳನ್ನು ಮೊದಲು ಒರೆಸಬೇಕು. ಆನಂತರ 16388 ಮತ್ತು 16389ನೆಯ ವಿಳಾಸಗಳಲ್ಲಿರುವ ಅಂಕಿಗಳನ್ನು ಓದಿ, ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ ನೋಡಿ. 32768 ಬಂದರೆ ಪ್ಯಾಕ್ ಸರಿಯಾಗಿ ಕೂತಿದೆ. 17408 ಬಂದರೆ ಯಂತ್ರ ಇನ್ನೂ ತನ್ನ 1 ಕಿಲೋಬೈಟಿನಲ್ಲೇ ಇದೆ.