ಕುಂಪಣಿಯ ಕರುಣೆ

ಮೈಸೂರಿನಿಂದ ಪಡುವಣಕ್ಕೆ ಹೊರಟ ದಾರಿ ಹಿನಕಲ್ ದಾಟಿ, ಹೂಟಗಳ್ಳಿಯ ಬದಿಯಲ್ಲಿ ಹಾದು, ಇಲವಾಲ, ಹುಣಸೂರು, ಪಿರಿಯಾಪಟ್ಟಣಗಳ ಮೇಲಿಂದ ಕೊಡಗಿನ ಬೆಟ್ಟಗಳನ್ನು ಸೇರುತ್ತದೆ. ಇಂದಿನ ಹೂಟಗಳ್ಳಿ ಕಾರ್ಖಾನೆಗಳೂ ಬಡಾವಣೆಗಳೂ ಬೆರೆತ ಊರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅದು ರಾಜಧಾನಿಯ ಹೊರಗಿನ ಹಳ್ಳಿ. ಮೂಡಲಿಗೆ ಅರಸರ ಅರಮನೆ, ಪಡುವಲಿಗೆ ಇಲವಾಲದಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ರೆಸಿಡೆಂಟರ ಬಂಗಲೆ. ದೊರೆಯ ಕಾಟದಿಂದ ಪ್ರಜೆಗಳನ್ನು ಬಿಡಿಸುವುದಕ್ಕಾಗಿ ಹೊರಗಿನ ಬಲವೊಂದು ನಾಡನ್ನು ವಶಪಡಿಸಿಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ, ವಿಶ್ವಸಂಸ್ಥೆ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಈ ಸೀಮೆಯಲ್ಲಿ ಎದ್ದಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಕುಂಪಣಿಯ ಕೈಗೆ ಬಿತ್ತು. ಜೂನ್ 30ರಂದು ಐದು ತುಂಬದ ಬಾಲಕ ಮುಮ್ಮಡಿಯವರಿಗೆ ಪಟ್ಟಾಭಿಷೇಕವಾಯಿತು. ಜುಲೈ 8ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಕುಂಪಣಿಯ ದಂಡಿಗೆಂದು ಕೊಡಬೇಕಾಯಿತು. ಆ ಹಣಕ್ಕೆ ಧಕ್ಕೆ ಬಂದೀತೆಂದು ತೋರಿದರೆ, ಬೇಕಾದಷ್ಟು ಸೀಮೆಯನ್ನು ಗವರ್ನರ್ ಜನರಲ್ ತಮ್ಮ ವಶಕ್ಕೆ ತೆಗೆದುಕೊಳ್ಳಬಹುದೆಂಬ ಮಾತೂ ಅದರಲ್ಲಿತ್ತು. ಸಿಂಹಾಸನ ಅರಸರದು, ಸೈನ್ಯ ಕುಂಪಣಿಯದು, ಹಣ ರೈತರದು. ಹೂಟಗಳ್ಳಿಯಿಂದ ನಗರ ಸೀಮೆಯ ಮಲೆನಾಡಿನವರೆಗೆ ನೇಗಿಲು ಹಿಡಿದವರ ಕಂದಾಯದಿಂದಲೇ ಆ ಪೊಗದಿ ಸಲ್ಲುತ್ತಿತ್ತು.

ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟರು. ಅರಸರು ತಾವೇ ಆಳತೊಡಗಿದರು. ಕೊಡುಗೈ ದೊರೆಯ ಕೈಯಲ್ಲಿ ಬೊಕ್ಕಸ ಬರಿದಾಯಿತು, ಸಾಲ ಬೆಳೆಯಿತು. ಕಂದಾಯಕ್ಕೆ ಶರತ್ತಿನ ಪದ್ಧತಿ ಬಂದಿತು: ಇಷ್ಟು ಹುಟ್ಟುವಳಿ ತಂದೇ ತರುವೆನೆಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರನುಂಟೇ? ಅವನು ರೈತನನ್ನು ಹಿಂಡಿದ. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಆಡಳಿತ ಸುಧಾರಿಸದಿದ್ದರೆ ಕುಂಪಣಿ ಕೈಹಾಕಬೇಕಾದೀತೆಂದು ಅರಸರಿಗೆ ಎಚ್ಚರಿಕೆ ಕೊಟ್ಟುಹೋದರು.

1830ರ ಆಗಸ್ಟಿನಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಕೆಳದಿ ಅರಸರ ವಾರಸುದಾರ ತಾನೆಂದು ಬೂದಿ ಬಸವಪ್ಪ ಮುಂದೆ ಬಂದ. ತರೀಕೆರೆಯ ಪಾಳೆಯಗಾರ ವಂಶದವರೂ ಕತ್ತಿ ಹಿರಿದರು. ಅರಸರ ದಂಡಿನಿಂದ ದಂಗೆ ಅಡಗಲಿಲ್ಲ. ಆಗ ಕುಂಪಣಿಯ ಸೈನ್ಯ ಇಳಿಯಿತು. 1831ರ ಜೂನಿನಲ್ಲಿ ನಗರ ಅದರ ಕೈಸೇರಿತು. ಕೂಟ ಕಟ್ಟಿದ ರೈತರನ್ನು ಬಗ್ಗುಬಡಿಯಲು ಬಂದದ್ದು, ಅವರದೇ ಕಂದಾಯದಲ್ಲಿ ಸಂಬಳ ಪಡೆಯುತ್ತಿದ್ದ ಆ ಸೈನ್ಯ.

ಮೂರು ತಿಂಗಳು ಕಳೆಯುವುದರೊಳಗೆ, 1831ರ ಸೆಪ್ಟೆಂಬರ್ 7ರಂದು, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಅರಸರಿಗೆ ಪತ್ರ ಬರೆದರು. ದುರಾಡಳಿತದಿಂದ ಪ್ರಜೆಗಳು ನೊಂದಿದ್ದಾರೆ, ಆದ್ದರಿಂದ ರಾಜ್ಯದ ಆಡಳಿತ ಕುಂಪಣಿಯ ಕಮಿಷನರರಿಗೆ ಸೇರತಕ್ಕದ್ದು ಎಂಬುದು ಅದರ ಸಾರ. ಅಕ್ಟೋಬರಿನಲ್ಲಿ ಅರಸರು ಎದುರಾಡದೆ ಅಧಿಕಾರ ಬಿಟ್ಟುಕೊಟ್ಟರು. ಆಳುವ ಹಕ್ಕು ಹೋಯಿತು. ವರ್ಷಕ್ಕೆ 1 ಲಕ್ಷ ವರಹವೂ ಹುಟ್ಟುವಳಿಯ ಐದರಲ್ಲಿ ಒಂದು ಪಾಲೂ ಉಳಿದವು.

ತೀರ್ಪು ಮೊದಲಾಯಿತು, ವಿಚಾರಣೆ ಆಮೇಲೆ ನಡೆಯಿತು. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ದಂಗೆಯ ಕಾರಣಗಳನ್ನು ಹುಡುಕಿ 1833ರ ಕೊನೆಗೆ ವರದಿ ಕೊಟ್ಟಿತು. ಆಡಳಿತ ಕೆಟ್ಟಿದ್ದು ನಿಜವೆಂದು ಅದರಿಂದ ಸಿದ್ಧವಾಯಿತು. ಆದರೆ ಅದನ್ನು ಓದಿದ ಬೆಂಟಿಂಕರ ಮನಸ್ಸು ಕದಡಿತು. 1834ರ ಏಪ್ರಿಲಿನಲ್ಲಿ ಅವರು ಇಂಗ್ಲೆಂಡಿನ ಮೇಲಧಿಕಾರಿಗಳಿಗೆ ಬರೆದದ್ದು ಇಷ್ಟು: ಅರಸರು ಕ್ರೂರಿಯಲ್ಲ, ಬುದ್ಧಿವಂತರು; ತಮ್ಮ ಕಿವಿಗೆ ಬಿದ್ದ ದೂರುಗಳಲ್ಲಿ ಕೆಲವು ಅತಿಯಾಗಿದ್ದವು; ಒಪ್ಪಂದ ಕೊಟ್ಟ ಹಕ್ಕು ಪೊಗದಿಯನ್ನು ಕಾಯುವುದಕ್ಕೆ, ಆ ಪೊಗದಿಗಾದರೋ ಆಗ ಗಂಡಾಂತರವೇನೂ ಇರಲಿಲ್ಲ. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು ಸೂಚಿಸಿದರು. ಲಂಡನ್ ಒಪ್ಪಲಿಲ್ಲ.

ಅದೇ ತಿಂಗಳು ಮೈಸೂರಿನಿಂದ ಪಡುವಣಕ್ಕೆ ಹೊರಟ ದಾರಿಯ ಆಚೆ ತುದಿಯಲ್ಲಿ ಕೊಡಗು ಬಿದ್ದಿತು. ಅಲ್ಲಿನ ಅರಸ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿ, ಆಕೆಯ ಗಂಡ ಚೆನ್ನಬಸವಪ್ಪ 1832ರಲ್ಲಿ ಮೈಸೂರಿಗೆ ಓಡಿಬಂದು ರೆಸಿಡೆಂಟರ ಆಶ್ರಯ ಬೇಡಿದ್ದರು. ಅವರನ್ನು ಒಪ್ಪಿಸೆಂದ ಕೊಡಗಿನ ಅರಸ, ಒಪ್ಪಿಸೆವೆಂದಿತು ಕುಂಪಣಿ. ಕಡೆಗೆ ನಾಲ್ಕು ದಿಕ್ಕಿನಿಂದ ದಂಡು ನುಗ್ಗಿ ಮಡಿಕೇರಿಯನ್ನು ಹಿಡಿಯಿತು. ಆ ಅರಸನ ಕ್ರೌರ್ಯದ ಕಥೆಗಳು ಹಲವು. ಆದರೆ ಮೇ ತಿಂಗಳ ಘೋಷಣೆ, ಜನರ ಒಮ್ಮತದ ಇಚ್ಛೆಯಂತೆ ಕೊಡಗು ಕುಂಪಣಿಯ ಆಳ್ವಿಕೆಗೆ ಸೇರಿತೆಂದು ಸಾರಿತು. ಮೂರೇ ವರ್ಷದಲ್ಲಿ, 1837ರಲ್ಲಿ, ಅಮರಸುಳ್ಯದ ರೈತರು ಆಯುಧ ಹಿಡಿದು ಮಂಗಳೂರಿನವರೆಗೂ ನಡೆದರು. ಒಮ್ಮತದ ಮಾತಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಂಥ ಪ್ರಸಂಗಗಳ ನೈತಿಕ ಗಂಟನ್ನು ಹಿಡಿದು ನೋಡಿದವನು ಕುಂಪಣಿಯ ಕಚೇರಿಯಲ್ಲೇ ದುಡಿದ ಜಾನ್ ಸ್ಟುವರ್ಟ್ ಮಿಲ್. ಅವಧ ರಾಜ್ಯದ ಉದಾಹರಣೆ ಮುಂದಿಟ್ಟು 1859ರಲ್ಲಿ ಅವನು ವಾದಿಸಿದ: ಪರಕೀಯರ ಸೈನ್ಯದ ಕಾವಲಿರುವ ದೊರೆಗೆ ಪ್ರಜೆಗಳ ಭಯವಿರುವುದಿಲ್ಲ, ಆದ್ದರಿಂದ ಅವನ ಕೇಡಿಗೆ ಕಾವಲಿನವರೂ ಹೊಣೆ, ಅದನ್ನು ತಡೆಯುವುದು ಅವರ ಕರ್ತವ್ಯ. ಮೊದಲರ್ಧ ಮೈಸೂರಿಗೂ ಸಲ್ಲುವ ಸತ್ಯ. ಎರಡನೆಯ ಅರ್ಧದಲ್ಲಿ ತೊಡಕಿದೆ. ಅಪರಾಧದಲ್ಲಿ ಪಾಲಿದ್ದವನು ತನ್ನ ಪಾಲನ್ನು ತೀರಿಸಬೇಕು ಸರಿ, ಆದರೆ ಅವನೇ ನ್ಯಾಯಪೀಠ ಏರಿ ಜಪ್ತಿಯಾದ ಆಸ್ತಿಯನ್ನೂ ಇಟ್ಟುಕೊಳ್ಳಬಹುದೇ? 1831ರಲ್ಲಿ ಕುಂಪಣಿ ದೂರು ಹೇಳಿತು, ತೀರ್ಪು ಕೊಟ್ಟಿತು, ರಾಜ್ಯವನ್ನೂ ಪಡೆಯಿತು. ನಗರದ ರೈತನ ಸಂಕಟ ಸುಳ್ಳಾಗಿರಲಿಲ್ಲ. ಅದನ್ನು ಹೊತ್ತುಕೊಂಡು ಬಂದ ವಕೀಲನಿಗೆ ಮಾತ್ರ ಬೇರೆ ಲೆಕ್ಕವಿತ್ತು.

1834ರಿಂದ 1861ರವರೆಗೆ ಅದೇ ಸಮಿತಿಯ ಮಾರ್ಕ್ ಕಬ್ಬನ್ ಕಮಿಷನರರಾಗಿ ಮೈಸೂರನ್ನು ಆಳಿದರು. ನೂರಾರು ಸಣ್ಣ ತೆರಿಗೆಗಳು ರದ್ದಾದವು, ರಸ್ತೆಗಳಾದವು. ಆ ಒಳಿತನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅರಸರ ಮನವಿಗಳು ಒಂದರ ಹಿಂದೊಂದು ತಿರಸ್ಕೃತವಾದವು. ರಾಜ್ಯ ವಂಶಕ್ಕೇ ಮರಳುವುದೆಂಬ ನಿರ್ಧಾರ 1867ರಲ್ಲಷ್ಟೇ ಆಯಿತು. ಮರುವರ್ಷ ಮುಮ್ಮಡಿಯವರು ತೀರಿಕೊಂಡರು. 1881ರ ಮಾರ್ಚ್ 25ರಂದು ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಸಂದಿತು. ತುರ್ತು ಕ್ರಮವೆಂದು ತೊಡಗಿದ್ದು ಐವತ್ತು ವರ್ಷ ನಡೆದಿತ್ತು. ಪೊಗದಿ 35 ಲಕ್ಷ ರೂಪಾಯಿಗೆ ಏರಿತು; ಷರತ್ತು ಮೀರಿದರೆ ಮತ್ತೆ ವಶಪಡಿಸಿಕೊಳ್ಳುವ ಹಕ್ಕನ್ನೂ ಬ್ರಿಟಿಷರು ಬರೆದಿಟ್ಟುಕೊಂಡರು.

ಅದೇ ಪ್ರಶ್ನೆ ಮುಂದಿನ ಶತಮಾನದಲ್ಲೂ ಎದ್ದಿತು. 1971ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಪೂರ್ವ ಪಾಕಿಸ್ತಾನವನ್ನು ಹೊಕ್ಕಾಗ, ನರಮೇಧದಿಂದ ತಪ್ಪಿಸಿಕೊಂಡ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಅಲ್ಲಿಯೂ ಭಾರತಕ್ಕೆ ಸ್ವಂತ ಹಿತವಿರಲಿಲ್ಲವೆಂದು ಯಾರೂ ಹೇಳರು. ಆದರೆ 1972ರ ಮಾರ್ಚಿನಲ್ಲಿ ಸೈನ್ಯ ಹಿಂದಿರುಗಿತು. ನೆಲ ಅಲ್ಲಿನವರದಾಗಿ ಉಳಿಯಿತು. 2005ರಲ್ಲಿ ವಿಶ್ವಸಂಸ್ಥೆಯ ಶೃಂಗಸಭೆ, ನರಮೇಧದಂಥ ಘೋರಗಳಿಂದ ಜನರನ್ನು ಕಾಪಾಡುವ ಹೊಣೆ ಲೋಕಕ್ಕೂ ಇದೆಯೆಂದು ಒಪ್ಪಿ, ಸೈನ್ಯ ಕಳಿಸುವ ನಿರ್ಧಾರವನ್ನು ಭದ್ರತಾ ಮಂಡಳಿಗೆ ಬಿಟ್ಟಿತು. ನಡುವೆ ಹೋಗುವವನೇ ನ್ಯಾಯಾಧೀಶನಾಗಬಾರದೆಂಬ ಅಂಜಿಕೆ ಆ ಏರ್ಪಾಡಿನ ಹಿಂದಿದೆ. ಮಂಡಳಿಯ ಬಲಿಷ್ಠರು ಆ ಅಂಜಿಕೆಯನ್ನು ಎಷ್ಟು ಗೌರವಿಸುತ್ತಾರೆಂಬುದು ಬೇರೆ ಮಾತು.

ನೊಂದವರಿಗೆ ನೆರವು ಬೇಡವೆಂದು ಮೈಸೂರಿನ ಚರಿತ್ರೆ ಹೇಳುವುದಿಲ್ಲ. ನೆರವಿಗೆ ಬಂದವನನ್ನು ಮೊದಲು ಲೆಕ್ಕ ಕೇಳಿ ಎನ್ನುತ್ತದೆ: ಈ ಸಂಕಟದಲ್ಲಿ ನಿನ್ನ ಪಾಲೆಷ್ಟು, ಹಿಂದಿರುಗುವ ದಿನ ಯಾವುದು, ನಿನ್ನನ್ನು ವಿಚಾರಿಸುವವರು ಯಾರು? ಕುಂಪಣಿಗೆ ಈ ಮಾತು ಕೇಳುವವರು ಇರಲಿಲ್ಲ. ನಗರದ ರೈತನ ಹೆಸರಿನಲ್ಲಿ ಹೊರಟ ಪತ್ರ ಅರಮನೆಯ ವಿಳಾಸಕ್ಕೆ ಹೋಯಿತು. ಐವತ್ತು ವರ್ಷದ ವಾದವೂ ಅರಸರಿಗೂ ಆಂಗ್ಲರಿಗೂ ನಡುವೆಯೇ ನಡೆಯಿತು. ದೂರು ಕೊಟ್ಟ ರೈತ ಅದರಲ್ಲಿ ಎಂದೂ ಕಕ್ಷಿದಾರನಾಗಲಿಲ್ಲ.